ಶಾಸಕನನ್ನು ಅಳೆಯುವ ಕೊಳಗ

ಊರಿನ ತರುಣನೊಬ್ಬನು ವಿಧಾನಸಭೆಗೆ ಆರಿಸಿ ಬಂದನೆಂದರೆ, ವಿದ್ಯಾವಂತರ ಮನೆಗಳ ಜಗಲಿಯಲ್ಲಿ ಮೊದಲು ಕೇಳಿಬರುವ ಮಾತು ಒಂದೇ: ‘ಇವನು ಮಂತ್ರಿಯಾಗುವುದು ಯಾವಾಗ?’ ಆತನು ಸಭೆಯಲ್ಲಿ ಏನನ್ನು ಕೇಳಿದನು, ಯಾವ ಮಸೂದೆಯನ್ನು ಓದಿಕೊಂಡು ಹೋದನು, ಯಾವ ಲೆಕ್ಕವನ್ನು ಶೋಧಿಸಿದನು ಎಂಬ ವಿಚಾರವನ್ನೆತ್ತುವವರು ವಿರಳ. ಮಂತ್ರಿಯಾದನೋ, ಊರಿನ ಭಾಗ್ಯ. ಆಗದೆ ಹೋದನೋ, ‘ಪಾಪ, ಒಳ್ಳೆಯವನೇ, ಆದರೆ ಮೇಲೆ ಬರಲಿಲ್ಲ’ ಎಂಬ ಕನಿಕರ.

ಈ ಪ್ರಶ್ನೆ ಮೇಲುನೋಟಕ್ಕೆ ನಿರುಪದ್ರವಿಯಾಗಿ ತೋರುವುದು. ಊರ ಹುಡುಗನು ಏಳಿಗೆ ಹೊಂದಲಿ ಎಂಬ ವಾತ್ಸಲ್ಯವೇ ಅದರ ಮೂಲವೆಂದೂ ಹೇಳಬಹುದು. ಆದರೆ ತರುಣ ಶಾಸಕರನ್ನು ಕೆಡಿಸುವುದರಲ್ಲಿ ಹಣಕ್ಕೆ ಒಂದು ಪಾಲು ಇದ್ದರೆ, ಪಕ್ಷದ ಮುಖಂಡರಿಗೆ ಒಂದು ಪಾಲು ಇದ್ದರೆ, ಅವೆರಡಕ್ಕಿಂತಲೂ ಮಿಗಿಲಾದ ಪಾಲು ಈ ಪ್ರಶ್ನೆಯದು. ಏಕೆಂದರೆ ಹಣವನ್ನು ಬೇಡವೆನ್ನಬಹುದು, ಮುಖಂಡನನ್ನು ಎದುರಿಸಬಹುದು. ತನ್ನನ್ನು ಆರಿಸಿದ ಜನರೇ ತನ್ನಿಂದ ಬಯಸುವುದು ಕುರ್ಚಿಯೊಂದನ್ನು ಮಾತ್ರ ಎಂದು ಕಂಡ ಮೇಲೆ ಇಪ್ಪತ್ತೆಂಟು ವರ್ಷದ ಯುವಕನು ಮತ್ತೇನನ್ನು ತಾನೆ ಬಯಸಿಯಾನು?

ಮೊದಲು ಲೆಕ್ಕವನ್ನೇ ನೋಡಬಹುದು. ಸಂವಿಧಾನಕ್ಕೆ 2003ರಲ್ಲಿ ಆದ 91ನೆಯ ತಿದ್ದುಪಡಿಯಂತೆ, ರಾಜ್ಯದ ಮಂತ್ರಿಗಳ ಸಂಖ್ಯೆ ಮುಖ್ಯಮಂತ್ರಿಯೂ ಸೇರಿ ವಿಧಾನಸಭೆಯ ಸದಸ್ಯ ಸಂಖ್ಯೆಯಲ್ಲಿ ನೂರಕ್ಕೆ 15ನ್ನು ಮೀರಕೂಡದು. ಕರ್ನಾಟಕದ ವಿಧಾನಸಭೆಯ ಚುನಾಯಿತ ಸ್ಥಾನಗಳು 224. ಮಂತ್ರಿಗಳು ಹೆಚ್ಚೆಂದರೆ 34. ಉಳಿದ 190 ಮಂದಿ ಮಂತ್ರಿಗಳಾಗುವಂತೆಯೇ ಇಲ್ಲ. ಮಂತ್ರಿಪದವಿಯೇ ಶಾಸಕತ್ವದ ಫಲವೆನ್ನುವುದಾದರೆ, 190 ಕ್ಷೇತ್ರಗಳ ಮತದಾರರು ಬಿಸಿಲಿನಲ್ಲಿ ಸಾಲುಗಟ್ಟಿ ನಿಂತುದು ವ್ಯರ್ಥವೆಂದಾಯಿತು. ಸಂವಿಧಾನವನ್ನು ಬರೆದವರು ಅಂಥ ಅವಿವೇಕವನ್ನು ಮಾಡಿದವರಲ್ಲ. ಮಂತ್ರಿಮಂಡಲವು ಒಟ್ಟಾಗಿ ವಿಧಾನಸಭೆಗೆ ಹೊಣೆಯಾಗಿರತಕ್ಕದ್ದೆಂದು ಅವರು ವಿಧಿಸಿದರು. ಹೊಣೆಯನ್ನು ಕೇಳುವವರು ಇಲ್ಲದಿದ್ದರೆ ಹೊಣೆಗೆ ಅರ್ಥವೆಲ್ಲಿಯದು? ಆ ಕೇಳುವ ಕೆಲಸಕ್ಕೆ ಅವರು ಗೊತ್ತುಮಾಡಿದ ಕನಿಷ್ಠ ವಯಸ್ಸು 25. ತಲೆ ನರೆಯುವವರೆಗೆ ಕಾದು ಕುಳಿತಿರಬೇಕಾದ ಕೆಲಸ ಅದಲ್ಲವೆಂಬುದು ಇದರಿಂದಲೇ ಸ್ಪಷ್ಟ.

ಆ ಕೆಲಸವನ್ನು ಮಾಡಿ ತೋರಿದ ಒಬ್ಬನ ಚರಿತ್ರೆ ಮಲೆನಾಡಿನಲ್ಲಿಯೇ ಇದೆ. ಶಾಂತವೇರಿ ಗೋಪಾಲಗೌಡರು 1923ರ ಮಾರ್ಚ್ 14ರಂದು ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ ಜನಿಸಿದರು. 1942ರ ಚಳವಳಿಯಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಸೆರೆಮನೆಯನ್ನು ಕಂಡರು. ಅನಂತರ ಸಮಾಜವಾದಿ ಪಕ್ಷದಲ್ಲಿ ಬೆಳೆದರು. ಅವರಿಗೆ ಪಿತ್ರಾರ್ಜಿತ ಕ್ಷೇತ್ರವೆಂಬುದು ಇರಲಿಲ್ಲ. ಅವರ ಕ್ಷೇತ್ರವನ್ನು ಕೊಟ್ಟುದು ಸಾಗರ ತಾಲ್ಲೂಕಿನ ಕಾಗೋಡೆಂಬ ಒಂದು ಹಳ್ಳಿಯ ಕೊಳಗ.

ಆ ಕೊಳಗದ ಕಥೆಯನ್ನು ಇಲ್ಲಿ ನೆನೆಯುವುದು ಅವಶ್ಯ. ಕಾಗೋಡಿನ ಗೇಣಿದಾರರು ಬಹುಮಟ್ಟಿಗೆ ದೀವರು. ಅವರು ಬೆಳೆದ ಭತ್ತದಲ್ಲಿ ಒಡೆಯರ ಪಾಲನ್ನು ಕೊಳಗದಿಂದ ಅಳೆದು ಕೊಡಬೇಕಾಗಿತ್ತು. ಅಳೆಯುವ ಕೊಳಗ ಒಡೆಯರದು. ಅದು ನ್ಯಾಯವಾದ ಅಳತೆಗಿಂತ ದೊಡ್ಡದೆಂಬುದು ಒಕ್ಕಲುಗಳ ದೂರು. ಗೇಣಿಯ ದರವು ಎಷ್ಟೇ ಇರಲಿ, ಕೊಳಗವೇ ಸುಳ್ಳಾದರೆ ಲೆಕ್ಕವೆಲ್ಲ ಸುಳ್ಳು. ಇದನ್ನು ಕೇಳಿದ ಒಕ್ಕಲುಗಳಿಗೆ ಭೂಮಿ ತಪ್ಪಿತು. ಎಚ್. ಗಣಪತಿಯಪ್ಪನವರು ರೈತರನ್ನು ಒಗ್ಗೂಡಿಸಿದರು. 1951ರ ಏಪ್ರಿಲಿನಲ್ಲಿ ಸತ್ಯಾಗ್ರಹ ಮೊದಲಾಯಿತು. ಸಮಾಜವಾದಿಗಳು ಅದಕ್ಕೆ ಹೆಗಲು ಕೊಟ್ಟರು. ಒಕ್ಕಲುಗಳು ಉಳುವೆವೆಂದು ಗದ್ದೆಗಿಳಿಯುವುದು, ಪೊಲೀಸರು ಹಿಡಿದೊಯ್ಯುವುದು, ಮಾರನೆಯ ದಿನ ಇನ್ನೊಂದು ತಂಡ ಇಳಿಯುವುದು, ಇದು ನಿತ್ಯವಿಧಿಯಾಯಿತು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ಸತ್ಯಾಗ್ರಹಕ್ಕೆ ಕೂಡಲೆ ಜಯ ದೊರೆಯಲಿಲ್ಲ. ಆದರೆ 1952ರಲ್ಲಿ ವಯಸ್ಕರೆಲ್ಲರಿಗೂ ಮತವಿದ್ದ ಮೊದಲ ಚುನಾವಣೆ ನಡೆದಾಗ, ಆ ಹೋರಾಟದ ಮುಂದಾಳುಗಳಲ್ಲೊಬ್ಬರಾದ ಗೋಪಾಲಗೌಡರನ್ನು ಆ ಸೀಮೆಯ ಜನರು ಮೈಸೂರು ವಿಧಾನಸಭೆಗೆ ಕಳುಹಿಸಿದರು. ಆಗ ಅವರಿಗೆ 29 ವರ್ಷ ತುಂಬುತ್ತಿದ್ದ ಸಮಯ.

ಆ ಸಭೆಯ 99 ಸ್ಥಾನಗಳಲ್ಲಿ 74 ಕಾಂಗ್ರೆಸ್ಸಿನವು. ಸಮಾಜವಾದಿಗಳೆಂದರೆ ಕೈಬೆರಳಿಗೆ ಸಲ್ಲುವಷ್ಟು ಮಂದಿ. ಇಂಥ ಸಭೆಯಲ್ಲಿ ಮತ ಎಣಿಸಿ ಗೆಲ್ಲುವ ಸಂಭವವೇ ಇರಲಿಲ್ಲ. ಮಂತ್ರಿಯಾಗುವ ಮಾತಂತೂ ದೂರ. ಜಗಲಿಯ ಪ್ರಶ್ನೆಯ ಪ್ರಕಾರ ಆ ತರುಣನ ಬಾಳು ಆ ದಿನವೇ ಮುಗಿಯಿತು. ಆದರೆ ಗೌಡರು ಅಲ್ಲಿಂದಲೇ ತಮ್ಮ ಕೆಲಸವನ್ನು ಮೊದಲುಮಾಡಿದರು. ಉಳುವವನಿಗೆ ಭೂಮಿ, ಆಡಳಿತದಲ್ಲಿ ಕನ್ನಡ, ಹರಿದು ಹಂಚಿಹೋದ ಕನ್ನಡ ನಾಡುಗಳ ಏಕೀಕರಣ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು, ಇವನ್ನು ಹಿಡಿದು ಬಿಡದೆ ಮಾತಾಡಿದರು. ಹಳೆಯ ಮೈಸೂರಿನ ಪ್ರಮುಖರಲ್ಲಿ ಅನೇಕರು ಏಕೀಕರಣಕ್ಕೆ ಹಿಂದೆಗೆಯುತ್ತಿದ್ದ ಕಾಲದಲ್ಲಿ ಹಳೆಯ ಮೈಸೂರಿನವರೇ ಆದ ಈ ಶಾಸಕರು ಅದರ ಪರವಾಗಿ ನಿಂತರು. 1957ರಲ್ಲಿ ಸೋತರು. 1962ರಲ್ಲಿಯೂ 1967ರಲ್ಲಿಯೂ ತೀರ್ಥಹಳ್ಳಿಯಿಂದ ಗೆದ್ದು ಬಂದರು. 1972ರ ಜೂನ್ 9ರಂದು, 49ನೆಯ ವಯಸ್ಸಿನಲ್ಲಿ ತೀರಿಕೊಂಡರು. ಒಂದು ದಿನವಾದರೂ ಮಂತ್ರಿಯಾಗಿರಲಿಲ್ಲ.

ಅವರು ತೀರಿಕೊಂಡು 17 ತಿಂಗಳು ತುಂಬುವುದರೊಳಗೆ, 1973ರ ನವೆಂಬರ್ 1ರಂದು, ಮೈಸೂರು ರಾಜ್ಯವು ಕರ್ನಾಟಕವಾಯಿತು. 21 ತಿಂಗಳು ತುಂಬುವುದರೊಳಗೆ, 1974ರ ಮಾರ್ಚ್ 1ರಂದು, ತಿದ್ದುಪಡಿಯಾದ ಭೂಸುಧಾರಣಾ ಶಾಸನವು ಜಾರಿಗೆ ಬಂದು ಗೇಣಿಯ ಭೂಮಿಗಳೆಲ್ಲ ಸರ್ಕಾರಕ್ಕೆ ಸೇರಿದುವು. ಉಳುವವರ ಹಕ್ಕನ್ನು ತೀರ್ಮಾನಿಸಲು ತಾಲ್ಲೂಕು ತಾಲ್ಲೂಕಿಗೆ ಭೂನ್ಯಾಯಮಂಡಳಿಗಳು ಹುಟ್ಟಿದುವು. ಅವುಗಳ ಮುಂದೆ 8 ಲಕ್ಷಕ್ಕೂ ಮಿಕ್ಕ ಅರ್ಜಿಗಳು ಬಂದುವು.

ಇಲ್ಲಿ ಒಂದು ಆಕ್ಷೇಪಣೆ ಏಳುವುದು. ‘ಶಾಸನವನ್ನು ಮಾಡಿದವರು ದೇವರಾಜ ಅರಸರು. ಅವರ ಕೈಯಲ್ಲಿ ಅಧಿಕಾರವಿತ್ತು, ಮಾಡಿದರು. ಗೌಡರು ಇಪ್ಪತ್ತು ವರ್ಷ ಮಾತಾಡಿದರು, ಅಷ್ಟೆ. ಹೀಗಿರಲಾಗಿ ಅಧಿಕಾರವೇ ಮುಖ್ಯವೆಂದು ಸಿದ್ಧವಾಗಲಿಲ್ಲವೆ?’ ಎಂದು ಕೇಳುವವರುಂಟು. ಅರಸರಿಗೆ ಸಲ್ಲತಕ್ಕ ಕೀರ್ತಿಯನ್ನು ಕಸಿಯಬೇಕಾದ ಕಾರಣವಿಲ್ಲ. ಧೈರ್ಯವಿಲ್ಲದ ಮುಖ್ಯಮಂತ್ರಿಯಿಂದ ಆ ಕೆಲಸ ಆಗುತ್ತಿರಲಿಲ್ಲ. ಆದರೆ 1961ರ ಭೂಸುಧಾರಣಾ ಶಾಸನವೂ ಅಧಿಕಾರದಲ್ಲಿದ್ದವರೇ ಮಾಡಿದುದು. ಅದು ಜಾರಿಗೆ ಬಂದುದು 1965ರ ಅಕ್ಟೋಬರ್ 2ರಂದು. ಒಡೆಯರು ನುಸುಳಿಕೊಳ್ಳಲು ಅದರಲ್ಲಿ ಬೇಕಾದಷ್ಟು ಸಂದುಗಳಿದ್ದುವು. ಅಧಿಕಾರವೊಂದೇ ಸಾಕಾಗಿದ್ದರೆ 1961ರಲ್ಲಿಯೇ ಸಾಕಾಗಬೇಕಿತ್ತು. ಈ ಎರಡು ಶಾಸನಗಳ ನಡುವೆ ಬದಲಾದುದು ಜನರ ಮನಸ್ಸು. ಗೇಣಿ ಪದ್ಧತಿಯೆಂಬುದು ಪ್ರಕೃತಿನಿಯಮವಲ್ಲ, ಅನ್ಯಾಯ ಎಂಬ ತಿಳಿವಳಿಕೆಯನ್ನು ಹೊಲದಲ್ಲಿಯೂ ಸಭೆಯಲ್ಲಿಯೂ ಬಿತ್ತಿದವರು ಅಧಿಕಾರವಿಲ್ಲದವರು. ಅವರಲ್ಲಿ ಗೌಡರು ಒಬ್ಬರು; ಒಬ್ಬರೇ ಅಲ್ಲ. ಬಿತ್ತಿದವನಿಗೆ ಪಾಲಿಲ್ಲವೆನ್ನುವ ನ್ಯಾಯವು ಕಾಗೋಡಿನ ಹಳೆಯ ನ್ಯಾಯವೇ ಹೊರತು ಬೇರೆಯಲ್ಲ.

ಅಧಿಕಾರವನ್ನು ಹಿಡಿದವರೆಲ್ಲ ಕೆಟ್ಟರೆಂಬುದೂ ವಾದವಲ್ಲ. ಅದೇ ಸಮಾಜವಾದದ ಗರಡಿಯಲ್ಲಿ ಬೆಳೆದ ಜೆ. ಎಚ್. ಪಟೇಲರು 1996ರಲ್ಲಿ ಮುಖ್ಯಮಂತ್ರಿಗಳಾದರು. 1997ರಲ್ಲಿ ಏಳು ಹೊಸ ಜಿಲ್ಲೆಗಳನ್ನು ಮಾಡಿದರು. ಆದರೆ ಅದಕ್ಕೂ ಮೂವತ್ತು ವರ್ಷ ಹಿಂದೆ, 1967ರಲ್ಲಿ, ವಿರೋಧಪಕ್ಷದ ಒಬ್ಬ ಸಾಮಾನ್ಯ ಸದಸ್ಯರಾಗಿ ಲೋಕಸಭೆಯಲ್ಲಿ ಎದ್ದು ನಿಂತು ಕನ್ನಡದಲ್ಲಿ ಮಾತಾಡಿದವರೂ ಅವರೇ. ಅದಕ್ಕೆ ಅವರಿಗೆ ಯಾವ ಖಾತೆಯೂ ಬೇಕಾಗಿರಲಿಲ್ಲ. ಕಾಗೋಡಿನವರೇ ಆದ ತಿಮ್ಮಪ್ಪನವರು 2013ರಲ್ಲಿ ವಿಧಾನಸಭೆಯ ಅಧ್ಯಕ್ಷಪೀಠದಲ್ಲಿ ಕುಳಿತರು. ಗೇಣಿಯ ಕೊಳಗಕ್ಕೆ ಹೆಸರಾದ ಊರಿನಿಂದ ಆ ಪೀಠದವರೆಗಿನ ದಾರಿಯನ್ನು ಕಡಿದವರು ಪದವಿಯನ್ನು ಕಾಣದವರೇ. ಪದವಿ ಒಂದು ಉಪಕರಣ; ಬಂದರೆ ಬಳಸಬಹುದು. ಬಾರದಿದ್ದರೆ ಶಾಸಕನು ನಿರುದ್ಯೋಗಿಯಾದನೆಂದು ಭಾವಿಸುವುದೇ ತಪ್ಪು.

ಎರಡನೆಯ ಆಕ್ಷೇಪಣೆ ಇನ್ನಷ್ಟು ಲೌಕಿಕವಾದುದು. ‘ಆಡಳಿತ ಪಕ್ಷದಲ್ಲಿದ್ದರೆ ರಸ್ತೆಯಾಗುವುದು, ಮೋರಿಯಾಗುವುದು, ವಿರೋಧಪಕ್ಷದವನಿಂದ ಕ್ಷೇತ್ರಕ್ಕೆ ಏನು ಬಂತು?’ ಇದು ಹಸಿದವನ ಬಾಯಲ್ಲಿ ಬಂದರೆ ಕ್ಷಮಿಸಬಹುದು. ಓದಿದವರ ಬಾಯಲ್ಲಿ ಬರಬಾರದು. ಊರಿನ ರಸ್ತೆ ಮೋರಿಗಳು 1992ರ 73ನೆಯ ತಿದ್ದುಪಡಿಯ ತರುವಾಯ, ಕರ್ನಾಟಕದಲ್ಲಿ 1993ರ ಪಂಚಾಯತ್ ರಾಜ್ ಶಾಸನದಂತೆ, ಪಂಚಾಯಿತಿಗಳ ಕೆಲಸ. ಆ ಕೆಲಸವನ್ನು ಶಾಸಕನಿಂದ ಬೇಡುವುದೆಂದರೆ ಪಂಚಾಯಿತಿಯನ್ನು ಕೊಂದು ಶಾಸಕನನ್ನು ಕಂಟ್ರಾಕ್ಟರನ ಮೇಸ್ತ್ರಿಯನ್ನಾಗಿ ಮಾಡುವುದು. ಪ್ರತಿಯೊಬ್ಬ ಶಾಸಕನಿಗೂ ವರ್ಷಕ್ಕೆ 2 ಕೋಟಿ ರೂಪಾಯಿಗಳ ಪ್ರದೇಶಾಭಿವೃದ್ಧಿ ನಿಧಿ ಎಂಬುದು ಗೊತ್ತಾಗಿರುವಾಗ, ವಿರೋಧಪಕ್ಷದವನು ಬರಿಗೈಯವನೆಂಬುದೂ ಪೂರ್ಣ ಸತ್ಯವಲ್ಲ. ಆದರೆ ಆ ನಿಧಿಯನ್ನು ಹಂಚುವುದರಲ್ಲಿಯೇ ಐದು ವರ್ಷ ಕಳೆದವನು ಲಕ್ಷಗಟ್ಟಲೆ ಕೋಟಿಯ ಆಯವ್ಯಯವನ್ನು ಓದಿ ತಪ್ಪು ಹಿಡಿಯುವುದು ಎಂದು?

1881ರ ಅಕ್ಟೋಬರಿನಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದಾಗ 144 ಮಂದಿ ಸೇರಿದ್ದರು. ಅವರು ಚುನಾಯಿತರಲ್ಲ, ಆಹ್ವಾನಿತರು. ಶಾಸನ ಮಾಡುವ ಅಧಿಕಾರ ಅವರಿಗಿರಲಿಲ್ಲ. ಸರ್ಕಾರದ ವರದಿಯನ್ನು ಕೇಳಿ ಸೀಮೆಯ ಕಷ್ಟವನ್ನು ಅರಿಕೆ ಮಾಡುವುದಷ್ಟೇ ಅವರ ಹಕ್ಕು. ಏನೂ ಅಧಿಕಾರವಿಲ್ಲದ ಸಭೆಯು ಅರಿಕೆ ಮಾಡಿತು. ಸಮಸ್ತ ಅಧಿಕಾರವೂ ಇರುವ ಸಭೆಯ ಸದಸ್ಯನು ಮೋರಿಯ ಹಣಕ್ಕಾಗಿ ಮಂತ್ರಿಯ ಕೊಠಡಿಯ ಬಾಗಿಲಲ್ಲಿ ಅರ್ಜಿ ಹಿಡಿದು ನಿಲ್ಲುವನು. ಇದಕ್ಕೆ ಪ್ರಗತಿಯೆಂದು ಹೆಸರಿಡುವುದು ಕಷ್ಟ.

ಮೂರನೆಯ ಸಮಾಧಾನವೊಂದುಂಟು: ‘ಈಗ ಪಕ್ಷದ ಸಚೇತಕಾಜ್ಞೆ ಬಿಗಿಯಾಗಿದೆ; 1985ರ ಪಕ್ಷಾಂತರ ನಿಷೇಧದ ತರುವಾಯ ಶಾಸಕನ ಬಾಯಿಗೆ ಬೀಗ ಬಿದ್ದಿದೆ.’ ಹತ್ತನೆಯ ಅನುಸೂಚಿಯನ್ನು ಓದಿದವರು ಈ ಮಾತನ್ನಾಡರು. ಆಜ್ಞೆಗೆ ವಿರುದ್ಧವಾಗಿ ಮತ ಕೊಡುವುದನ್ನೂ ಮತ ಕೊಡದೆ ಉಳಿಯುವುದನ್ನೂ ಪಕ್ಷವನ್ನು ತೊರೆಯುವುದನ್ನೂ ಅದು ದಂಡಿಸುವುದು. ಪ್ರಶ್ನೆ ಕೇಳಬಾರದೆಂದು ಅದರಲ್ಲಿ ಎಲ್ಲಿಯೂ ಬರೆದಿಲ್ಲ. ಪ್ರಶ್ನೋತ್ತರದ ಕಾಲವಿದೆ, ನಿಲುವಳಿ ಸೂಚನೆಯಿದೆ, ಖಾಸಗಿ ಸದಸ್ಯರ ಮಸೂದೆಯಿದೆ, ಸರ್ಕಾರದ ಖರ್ಚನ್ನು ಶೋಧಿಸುವ ಸಾರ್ವಜನಿಕ ಲೆಕ್ಕಪತ್ರ ಸಮಿತಿಯಿದೆ. ಮಂತ್ರಿಯಾಗಬೇಕೆಂಬ ಆಸೆಯಿರುವವನಿಗೆ ಮಾತ್ರ ಇವೆಲ್ಲ ಅಪಾಯಕರ. ಕೇಳಿದರೆ ಮುಖಂಡನಿಗೆ ಸಿಟ್ಟು ಬಂದೀತು, ಪಟ್ಟಿಯಿಂದ ಹೆಸರು ಹೋದೀತು. ಬೀಗ ಹಾಕಿದುದು ಶಾಸನವಲ್ಲ, ಆಸೆ.

ವಿಧಾನಮಂಡಲವು ವರ್ಷಕ್ಕೆ 60 ದಿನಗಳಿಗೆ ಕಡಿಮೆಯಿಲ್ಲದೆ ಕೂಡತಕ್ಕದ್ದೆಂದು 2005ರಲ್ಲಿ ಕರ್ನಾಟಕದಲ್ಲಿ ಒಂದು ಶಾಸನವೇ ಆಯಿತು. ಅನಂತರದ ಬಹುತೇಕ ವರ್ಷಗಳಲ್ಲಿ ಆ ಸಂಖ್ಯೆಯನ್ನು ಮುಟ್ಟಿಲ್ಲ. ತಾನು ಮಾಡಿದ ಕಟ್ಟಳೆಯನ್ನು ತಾನೇ ಮುರಿಯುವ ಸಭೆಯ ಬಗೆಗೆ ಯಾವ ಊರಿನ ಜಗಲಿಯಲ್ಲಿ ಯಾರು ಕೋಪಿಸಿಕೊಂಡರು? ಶಾಲೆಯ ಮೇಷ್ಟರು ಹತ್ತು ದಿನ ಬಾರದಿದ್ದರೆ ಅರ್ಜಿ ಬರೆಯುವ ಗೃಹಸ್ಥರು ಶಾಸಕನ ಹಾಜರಿಯನ್ನು ವಿಚಾರಿಸುವುದಿಲ್ಲ. ಮದುವೆಗೆ ಬಂದನೋ ಇಲ್ಲವೋ ಎಂಬುದನ್ನು ಮಾತ್ರ ತಪ್ಪದೆ ವಿಚಾರಿಸುವರು.

ಈ ಕೊಳಗದಿಂದ ಅಳೆದುದರ ಫಲವು 2019ರಲ್ಲಿ ಎಲ್ಲರ ಕಣ್ಣಿಗೂ ಬಿತ್ತು. ಆ ವರ್ಷ 17 ಶಾಸಕರು ಅನರ್ಹರಾದರು, ಸರ್ಕಾರವೊಂದು ಬಿದ್ದಿತು. ನವೆಂಬರ್ 13ರಂದು ಸುಪ್ರೀಂ ಕೋರ್ಟು ಅವರ ಅನರ್ಹತೆಯನ್ನು ಎತ್ತಿಹಿಡಿಯಿತು. ಆದರೆ ಮರುಚುನಾವಣೆಗೆ ನಿಲ್ಲಬಹುದೆಂದು ಹೇಳಿತು. ಡಿಸೆಂಬರ್ 5ರಂದು 15 ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆಯಿತು. ಪಕ್ಷ ಬದಲಿಸಿ ನಿಂತ 13 ಮಂದಿಯಲ್ಲಿ 11 ಮಂದಿ ಗೆದ್ದರು. 2020ರ ಫೆಬ್ರವರಿ 6ರಂದು ಅವರಲ್ಲಿ 10 ಮಂದಿ ಮಂತ್ರಿಗಳಾದರು. ಬೈಯುವುದಾದರೆ ಶಾಸಕರನ್ನು ಬೈಯಬಹುದು, ಅದು ಸುಲಭ. ಆದರೆ ಮಂತ್ರಿಯಾಗಲೆಂದು ಕಾದಿದ್ದ ಮತದಾರರೇ ಆ 11 ಮಂದಿಗೆ ಅರ್ಹತೆಯನ್ನು ಮರಳಿ ಕೊಟ್ಟರು. ಇದನ್ನು ನೋಡಿದ ತರುಣ ಶಾಸಕನು ಕಲಿತ ಪಾಠವೇನೆಂಬುದನ್ನು ವಿವರಿಸಬೇಕಾಗಿಲ್ಲ.

ಇಷ್ಟಾದರೂ ಗೋಪಾಲಗೌಡರ ಹೆಸರಿಗೆ ನಾಡಿನಲ್ಲಿ ಗೌರವವಿದೆಯಲ್ಲ ಎನ್ನಬಹುದು. ಇದೆ. ಅವರ ಬಾಳಿನಿಂದ ಪ್ರೇರಿತವಾದ ‘ಅವಸ್ಥೆ’ಯೆಂಬ ಕಾದಂಬರಿಯನ್ನು ಯು. ಆರ್. ಅನಂತಮೂರ್ತಿಯವರು 1978ರಲ್ಲಿ ಹೊರತಂದರು. 2023ರಲ್ಲಿ ಅವರು ಹುಟ್ಟಿ ನೂರು ವರ್ಷವಾಯಿತು. ಜಯಂತಿಯ ದಿನ ಪಟಕ್ಕೆ ಹಾರ ಬೀಳುವುದು. ಅವರ ಬಡತನ, ಅವರ ಕೋಪ, ಅವರ ನಿಸ್ಪೃಹತೆ ಇವುಗಳ ಕಥೆಗಳು ಒಂದಕ್ಕೆರಡಾಗಿ ಹೊರಡುವುವು. ಕೊನೆಗೆ ಒಬ್ಬರು ನಿಟ್ಟುಸಿರುಬಿಟ್ಟು ‘ಅಂಥವರು ಇನ್ನು ಹುಟ್ಟುವುದಿಲ್ಲ’ ಎನ್ನುವರು, ಸಭೆ ಮುಗಿಯುವುದು. ಈ ಪೂಜೆಯೇ ಅವರಿಗೆ ಆಗುತ್ತಿರುವ ದೊಡ್ಡ ಅಪಚಾರ. ಒಬ್ಬ ಮನುಷ್ಯನನ್ನು ಸಂತನೆಂದು ಕರೆದುಬಿಟ್ಟರೆ ಅವನನ್ನು ಅನುಸರಿಸುವ ಹೊಣೆ ತಪ್ಪುವುದು. ಗೌಡರು ಸಂತರಲ್ಲ. ಅವರು ಸಿಟ್ಟು, ಸೋಲು, ದಣಿವು ಇವೆಲ್ಲ ಇದ್ದ ಒಬ್ಬ ಶಾಸಕರು. ಶಾಸಕನ ಕೆಲಸವನ್ನು ಶಾಸಕನ ಕೆಲಸವೆಂದೇ ತಿಳಿದು ಮಾಡಿದವರು. ಅದಕ್ಕೆ ತಪಸ್ಸು ಬೇಕಾಗಿಲ್ಲ. ಮಸೂದೆಯನ್ನು ಓದುವ ತಾಳ್ಮೆ, ಎದ್ದು ನಿಂತು ಕೇಳುವ ಗಂಟಲು, ಸೋತರೆ ಊರಿಗೆ ಹಿಂದಿರುಗಿ ಮತ್ತೆ ಮೊದಲುಮಾಡುವ ಎದೆ ಇದ್ದರೆ ಸಾಕು. ಇವು ಹುಟ್ಟುತ್ತಲೇ ಇರುತ್ತವೆ. ಅವಕ್ಕೆ ಬೆಲೆ ಕೊಡುವವರು ಇಲ್ಲದೆ ಬಾಡಿಹೋಗುತ್ತವೆ.

ವಿದ್ಯಾವಂತ ಕುಟುಂಬಗಳ ಹೊಣೆ ಇಲ್ಲಿ ಮಿಕ್ಕವರಿಗಿಂತ ಹೆಚ್ಚಿನದು. ಮತಕ್ಕೆ ಹಣ ಪಡೆಯುವ ಬಡವನನ್ನು ಹಳಿಯುವ ಮನೆಯೇ, ಮಗನ ವರ್ಗಾವಣೆಗೂ ಮಗಳ ಕಾಲೇಜಿನ ಸೀಟಿಗೂ ಶಾಸಕನ ಪತ್ರಕ್ಕೆ ಹೋಗಿ ನಿಲ್ಲುವುದು. ಬಡವನು ಪಡೆದುದು ಕೆಲವು ನೂರು ರೂಪಾಯಿ. ಈ ಮನೆ ಪಡೆದುದರ ಬೆಲೆ ಅದರ ನೂರು ಪಾಲು. ಶಾಸಕನ ಬೆಳಗಿನ ಹೊತ್ತೆಲ್ಲ ಇಂಥ ಪತ್ರಗಳಿಗೆ ಸಹಿ ಹಾಕುವುದರಲ್ಲಿಯೇ ಕಳೆದರೆ, ಗೇಣಿದಾರನಂತೆ ದನಿಯಿಲ್ಲದವನ ಮಾತನ್ನು ಸಭೆಗೆ ಒಯ್ಯಲು ಅವನಿಗೆ ಬಿಡುವೆಲ್ಲಿ? ಮಂತ್ರಿಯಾಗು ಎಂದು ಹರಸುವವರ ಹರಕೆಯಲ್ಲಿ ತಮ್ಮ ಪತ್ರದ ತೂಕ ಹೆಚ್ಚಲಿ ಎಂಬ ಸ್ವಾರ್ಥವೂ ಅಡಗಿರುವುದಿಲ್ಲವೆ?

ಮುಂದಿನ ಸಲ ತರುಣ ಶಾಸಕನು ಊರಿಗೆ ಬಂದಾಗ ಯಾರಾದರೂ ಒಬ್ಬ ಹಿರಿಯರು, ‘ಅಪ್ಪಾ, ಕಳೆದ ಅಧಿವೇಶನದಲ್ಲಿ ನೀನು ಎಷ್ಟು ದಿನ ಕುಳಿತಿದ್ದೆ? ಏನನ್ನು ಕೇಳಿದೆ? ಮಂತ್ರಿಗಳು ಏನೆಂದರು?’ ಎಂದು ವಿಚಾರಿಸಲಿ. ಒಂದು ಸಲ ಕೇಳಿದರೆ ಅವನು ನಗಬಹುದು. ಹತ್ತು ಮನೆಗಳಲ್ಲಿ ಕೇಳಿದರೆ ಓದಿಕೊಂಡು ಹೋಗುವನು. ಕಾಗೋಡಿನ ಒಕ್ಕಲುಗಳು ಅಕ್ಷರ ಬಲ್ಲವರಾಗಿರಲಿಲ್ಲ. ಆದರೂ ಒಡೆಯರ ಕೊಳಗ ಸುಳ್ಳೆಂಬುದನ್ನು ಕೈಯಲ್ಲಿ ಹಿಡಿದೇ ತಿಳಿದರು, ತಿಳಿದ ಮೇಲೆ ಅದರಿಂದ ಅಳೆಯಲೊಲ್ಲೆವೆಂದು ಸೆರೆಮನೆಗೆ ಹೋದರು. ಓದು ಬಲ್ಲ ಮನೆಗಳು ತಮ್ಮ ಜಗಲಿಯ ಮೇಲೆಯೇ ಇರುವ ಸುಳ್ಳು ಕೊಳಗವನ್ನು ಒಡೆಯುವುದಕ್ಕೆ ಸೆರೆಮನೆಗೆ ಹೋಗಬೇಕಾಗಿಯೂ ಇಲ್ಲ.